ಹರಕೆಯಿಲ್ಲದ ಬೆಟ್ಟ

ಶಿವಮೊಗ್ಗದ ಚಾರಣಿಗರ ವರ್ಷ ಶುರುವಾಗುವುದು ಮಳೆ ಹಿಡಿತ ಸಡಿಲಿಸಿದ ಮೇಲೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಗುಂಬೆಯ ಕಾಡಿಗೆ ಕಾಲಿಟ್ಟರೆ ಇಂಬಳಗಳಿಗೆ ಹಬ್ಬ. ದಸರೆ ಕಳೆದು ಬಿಸಿಲು ಗಟ್ಟಿಯಾಗುತ್ತಿದ್ದಂತೆ ಕುಂದಾದ್ರಿ, ಕವಲೇದುರ್ಗ, ಕೊಡಚಾದ್ರಿ. ಚಳಿ ಬಲಿತಾಗ ಕುಮಾರ ಪರ್ವತ. ಹುಲ್ಲು ಒಣಗಿ ಕಾಡಿಗೆ ಬೆಂಕಿಯ ಭಯ ಶುರುವಾದರೆ ಅರಣ್ಯ ಇಲಾಖೆಯವರು ದಾರಿಗಳನ್ನು ಮುಚ್ಚುತ್ತಾರೆ. ಆಮೇಲೆ ಉಳಿಯುವುದು ಮೇ ತಿಂಗಳು. ಮೇ ಎಂದರೆ ಹಿಮಾಲಯ.

ಸಣ್ಣ ಊರಿನ, ಸಣ್ಣ ಸಂಬಳದ ಜನಕ್ಕೆ ಹಿಮಾಲಯವನ್ನು ಕೈಗೆಟಕಿಸಿದ್ದು ಯೂತ್ ಹಾಸ್ಟೆಲ್ಸ್ ಅಸೋಸಿಯೇಷನ್. 1949ರಲ್ಲಿ ಹುಟ್ಟಿದ ಈ ಸಂಸ್ಥೆಯ ತರುಣೋದಯ ಘಟಕ ಶಿವಮೊಗ್ಗದಲ್ಲಿದೆ. ಹೆಸರಿನಲ್ಲಿ ಯೂತ್ ಇದ್ದರೂ, ತರುಣೋದಯ ಇದ್ದರೂ, ಹಿಮಾಲಯಕ್ಕೆ ಹೊರಡುವವರಲ್ಲಿ ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಮಗಳ ಮದುವೆ ಮುಗಿಸಿ ನಿರಾಳವಾದ ಅಮ್ಮಂದಿರು ಇದ್ದೇ ಇರುತ್ತಾರೆ. ಮೊದಲ ಸಲದವರಿಗೆ ಎಲ್ಲರೂ ಹೇಳುವ ಹೆಸರು ಒಂದೇ: ಹಿಮಾಚಲ ಪ್ರದೇಶದ ಸರ್ ಪಾಸ್. ಬರುವ ಮೇ ತಿಂಗಳಿಗೆ ನಮ್ಮ ಕಡೆಯಿಂದ ಒಂದು ಗುಂಪು ಅಲ್ಲಿಗೆ ಹೊರಡುವ ತಯಾರಿಯಲ್ಲಿದೆ. ನಾನು ಹೋಗಿಬಂದವನು ಎಂಬ ಕಾರಣಕ್ಕೆ ಸಾಮಾನಿನ ಪಟ್ಟಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಪಟ್ಟಿಯ ಮುಕ್ಕಾಲು ಭಾಗ ಶಿವಮೊಗ್ಗದ ಗಾಂಧಿ ಬಜಾರಿನಲ್ಲೇ ತೀರುತ್ತದೆ. ಹುರಿಗಡಲೆ, ಬೆಲ್ಲ, ಒಣದ್ರಾಕ್ಷಿ, ಒಣಶುಂಠಿ, ಉಣ್ಣೆಯ ಕಾಲುಚೀಲ, ಮಂಕಿಕ್ಯಾಪು, ಬ್ಯಾಗಿನ ಒಳಗೆ ಹಾಸಲು ದಪ್ಪ ಪ್ಲಾಸ್ಟಿಕ್ಕು. ಕೋಟೆ ಮಾರಿಕಾಂಬೆಗೆ ತವರುಮನೆಯಾದ ಬೀದಿ ಇದು. ಎರಡು ವರ್ಷಕ್ಕೊಮ್ಮೆ ಜಾತ್ರೆ ಬಂದಾಗ ಅಮ್ಮ ಮೊದಲು ಇಲ್ಲಿ ಕೂತು ಆಮೇಲೆ ಕೋಟೆಯ ಗುಡಿಗೆ ಹೋಗುತ್ತಾಳೆ. ಹಾಗಾಗಿ ಇಲ್ಲಿಯ ಅಂಗಡಿಯವರಿಗೆ ಯಾತ್ರೆ ಹೊರಟವರ ಸಾಮಾನು ಕಂಡರೆ ಗೊತ್ತಾಗುತ್ತದೆ. ನಾನು ಹೊರಟ ವರ್ಷ ದಿನಸಿ ಅಂಗಡಿಯ ಹಿರಿಯರು ಪೊಟ್ಟಣ ಕಟ್ಟುತ್ತ ಕೇಳಿದ್ದರು: "ಯಾವ ದೇವರು ಅಲ್ಲಿ?" ಯಾವ ದೇವರೂ ಇಲ್ಲ, ಒಂದು ಕಣಿವೆಯಿಂದ ಇನ್ನೊಂದು ಕಣಿವೆಗೆ ದಾಟುವ ಹಿಮದ ದಾರಿ ಅಷ್ಟೆ ಎಂದೆ. "ಮತ್ಯಾಕೆ?" ಎಂದರು. ಕುಹಕವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು.

ಅವರ ಪ್ರಶ್ನೆ ನ್ಯಾಯವಾದದ್ದು. ನಮ್ಮ ಸೀಮೆಯಲ್ಲಿ ಬೆಟ್ಟಕ್ಕೆ ಬರಿದೇ ಹೋದವರಿಲ್ಲ. ಸೊಪ್ಪಿಗೆ, ಜೇನಿಗೆ, ತಪ್ಪಿಸಿಕೊಂಡ ದನ ಹುಡುಕುವುದಕ್ಕೆ ಹೋಗುತ್ತಿದ್ದರು. ದೊಡ್ಡ ಮಟ್ಟದಲ್ಲಿ ಹೋದದ್ದು ಎರಡಕ್ಕೇ, ದೇವರಿಗೆ ಮತ್ತು ಅದಿರಿಗೆ. ಚಿಕ್ಕಮಗಳೂರಿನ ದೇವಿರಮ್ಮನ ಬೆಟ್ಟಕ್ಕೆ ದೀಪಾವಳಿಯ ನರಕ ಚತುರ್ದಶಿಗೆ ಸಾವಿರಾರು ಜನ ರಾತ್ರಿಯೆಲ್ಲ ಹತ್ತುತ್ತಾರೆ, ಅನೇಕರು ಬರಿಗಾಲಲ್ಲಿ. ಭದ್ರಾವತಿಯವರಿಗೆ ಬೆಟ್ಟ ಎಂದರೆ ಕೆಮ್ಮಣ್ಣುಗುಂಡಿ. 1918ರಲ್ಲಿ ಕೆಲಸ ಆರಂಭವಾಗಿ 1923ರಲ್ಲಿ ಉತ್ಪಾದನೆಗೆ ಬಂದ, ಅವರೂರಿನ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದದ್ದು ಆ ಗಿರಿಯಿಂದ. ತಣಿಗೆಬೈಲಿನವರೆಗೆ ರೋಪ್‌ವೇ ತೊಟ್ಟಿಲುಗಳಲ್ಲಿ ತೂಗಿಕೊಂಡು ಇಳಿದು ಬರುತ್ತಿತ್ತು. ಎರಡೂ ಕಾರಣ ಒಟ್ಟಿಗೆ ನಿಂತಿರುವುದನ್ನು ನೋಡಬೇಕೆಂದರೆ ಕೊಡಚಾದ್ರಿಗೆ ಹೋಗಬೇಕು. ಮೂಲ ಮೂಕಾಂಬಿಕೆಯ ಗುಡಿಯ ಮುಂದೆ ಆ ಮಳೆಯಲ್ಲಿ, ಆ ಮಂಜಿನಲ್ಲಿ ಕಬ್ಬಿಣದ ಎತ್ತರದ ಕಂಬವೊಂದು ನಿಂತಿದೆ. ಸುಮ್ಮನೆ ಹತ್ತುವುದು, ಸುಮ್ಮನೆ ಇಳಿಯುವುದು ನಮ್ಮಲ್ಲಿ ತೀರ ಈಚಿನ ರೂಢಿ.

ಆ ವರ್ಷ ನಾವು ಹೊರಟದ್ದು ಹೀಗೆ: ಶಿವಮೊಗ್ಗದಿಂದ ಬೆಳಗಿನ ಜನಶತಾಬ್ದಿ, ಬೆಂಗಳೂರಿನಿಂದ ಸಂಜೆಯ ಕರ್ನಾಟಕ ಎಕ್ಸ್‌ಪ್ರೆಸ್. ಮೂರನೆಯ ದಿನ ದಿಲ್ಲಿ, ಅಲ್ಲಿಂದ ರಾತ್ರಿ ಬಸ್ಸು. ಮೇ ತಿಂಗಳ ರೈಲಿನ ಬಿಸಿಲನ್ನು ವರ್ಣಿಸುವುದು ಬೇಡ. ಮರುದಿನ ಬೆಳಿಗ್ಗೆ ಭುಂತರ್ ಬಳಿ ಕಣ್ಣು ಬಿಟ್ಟರೆ ಎರಡು ನದಿಗಳು ಸೇರುತ್ತಿರುತ್ತವೆ, ಬಿಯಾಸ್ ಮತ್ತು ಪಾರ್ವತಿ. ಬಸ್ಸಿನಲ್ಲಿದ್ದ ನಮ್ಮವರೆಲ್ಲ ಒಟ್ಟಿಗೇ "ಕೂಡ್ಲಿ!" ಎಂದರು. ಆದರೆ ಕೂಡ್ಲಿಯ ತುಂಗೆ ಭದ್ರೆಯರಂತೆ ಇವು ಸದ್ದಿಲ್ಲದೆ ಕೂಡುವುದಿಲ್ಲ, ಬಂಡೆ ಉರುಳಿಸಿಕೊಂಡು ಜಗಳಕ್ಕೆ ನಿಂತಂತೆ ಕೂಡುತ್ತವೆ. ಗಂಗಾ ಸ್ನಾನ, ತುಂಗಾ ಪಾನ ಎನ್ನುವ ನಾವು ಪಾರ್ವತಿಯಲ್ಲಿ ಎರಡನ್ನೂ ಮಾಡಲಿಲ್ಲ. ಹಿಮನದಿ ಅರೆದ ಪುಡಿಯಿಂದ ಬೂದಿ ಬಣ್ಣಕ್ಕೆ ತಿರುಗಿದ ನೀರು. ಬೆರಳದ್ದಿದರೆ ಮೊಣಕೈವರೆಗೆ ನೋವು.

ಪಾರ್ವತಿಯ ದಂಡೆ ಹಿಡಿದು 30 ಕಿಲೋಮೀಟರಿನಷ್ಟು ಮೇಲಕ್ಕೆ ಹೋದರೆ ಕಸೋಲ್. ಇಸ್ರೇಲಿನ ಪ್ರವಾಸಿಗರು ಎಷ್ಟು ಬರುತ್ತಾರೆಂದರೆ ಹೋಟೆಲಿನ ತಿಂಡಿಪಟ್ಟಿಗಳು ಹೀಬ್ರೂ ಲಿಪಿಯಲ್ಲೂ ಇವೆ. ನಾಲ್ಕು ಕಿಲೋಮೀಟರು ಮುಂದಿನ ಮಣಿಕರಣ್‌ನ ಬಿಸಿನೀರ ಬುಗ್ಗೆಯಲ್ಲಿ ಅಕ್ಕಿಯ ಗಂಟು ಇಳಿಬಿಟ್ಟರೆ ಅನ್ನವಾಗಿ ಮೇಲೆ ಬರುತ್ತದೆ. ಗುರುದ್ವಾರದ ಲಂಗರ್‌ನಲ್ಲಿ ಉಂಡೆವು. ನನಗೆ ಹೆಚ್ಚು ಬೆರಗು ತಂದದ್ದು ಮಾತ್ರ ಒಂದು ಸಣ್ಣ ಲೆಕ್ಕ. ನಮ್ಮ ಕೊಡಚಾದ್ರಿಯ ಎತ್ತರ 1,343 ಮೀಟರ್. ಕಸೋಲ್‌ನ ಸಂತೆಬೀದಿಯೇ ಸುಮಾರು 1,580ರಲ್ಲಿದೆ. ಸರ್ವಜ್ಞ ಪೀಠದ ಮೆಟ್ಟಿಲಲ್ಲಿ ಕೂತು ಮೋಡಗಳ ಮೇಲಿದ್ದೇವೆಂದು ಬೀಗುತ್ತಿದ್ದ ನಾವು ಇಲ್ಲಿ ಬೆಟ್ಟದ ಬುಡದಲ್ಲಿ ನಿಂತು ಚಹಾ ಕುಡಿಯುತ್ತಿದ್ದೆವು. ಕರ್ನಾಟಕದ ತುತ್ತತುದಿ ಮುಳ್ಳಯ್ಯನಗಿರಿ 1,930. ಮೊದಲ ದಿನದ ನಡಿಗೆ ಮುಗಿಸಿ ಗ್ರಹಣ್ ಎಂಬ ಹಳ್ಳಿ ಸೇರುವಷ್ಟರಲ್ಲಿ ಅದೂ ಕೆಳಗೆ ಉಳಿದುಬಿಡುತ್ತದೆ. ಸರ್ ಪಾಸ್ ಇರುವುದು 13,800 ಅಡಿಯಲ್ಲಿ, ಎಂದರೆ 4,200 ಮೀಟರ್. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದಲ್ಲಿರುವುದರ ಶೇಕಡಾ 60ರಷ್ಟೇ. ಎಂಥ ಗಟ್ಟಿಗನೂ ಬೂಟಿನ ದಾರ ಕಟ್ಟಲು ಬಗ್ಗಿ ಏಳುವಷ್ಟರಲ್ಲಿ ಏದುತ್ತಾನೆ.

ಹಾಗೆಂದೇ ಕಸೋಲ್‌ನ ಶಿಬಿರಕ್ಕೆ ಬಂದವರನ್ನು ತಕ್ಷಣ ಮೇಲೆ ಕಳಿಸುವುದಿಲ್ಲ. ಒಂದು ದಿನ ಬೆನ್ನಿಗೆ ಭಾರ ಹೊರಿಸಿ ಹತ್ತಿರದ ಗುಡ್ಡ ಹತ್ತಿಸಿ ಇಳಿಸುತ್ತಾರೆ, ಇನ್ನೊಂದು ದಿನ ಬಂಡೆ ಹತ್ತುವುದು, ಹಗ್ಗದಲ್ಲಿ ಇಳಿಯುವುದು. ಈ ಹಗ್ಗದ ದಿನವನ್ನು ನಾನು ಮರೆಯುವಂತಿಲ್ಲ. ಸೊಂಟಕ್ಕೆ ಪಟ್ಟಿ ಬಿಗಿದು, ಕೊಂಡಿ ಸಿಕ್ಕಿಸಿ, ಬಂಡೆಯ ತುದಿಯಲ್ಲಿ ಬೆನ್ನು ಹಿಂದಕ್ಕೆ ಮಾಡಿ ಶೂನ್ಯಕ್ಕೆ ಒರಗಬೇಕು. ದಿಲ್ಲಿ, ಮುಂಬೈಯ ಜಿಮ್ಮಿನ ಹುಡುಗರು ಅಲ್ಲಿ ತಡವರಿಸಿ ನಿಂತರು. ನಮ್ಮ ಗುಂಪಿನಲ್ಲಿದ್ದ ಸಾಗರದ ಕಡೆಯ ಅಡಿಕೆ ತೋಟದ ಹುಡುಗ ಮಾತ್ರ ಒರಗಿ ನಡೆದೇಬಿಟ್ಟ. ಕೆಳಗಿಳಿದ ಮೇಲೆ ಕೇಳಿದರೆ, "ಕೊನೆಗೌಡನ್ನ ನೋಡಿ ಬೆಳೆದವ್ನು ನಾನು" ಎಂದ. ಕಾಲಿಗೆ ತಳೆ ತೊಟ್ಟು ಅಡಿಕೆ ಮರ ಏರುವ ಕೊನೆಗೌಡ ಮರದಿಂದ ಮರಕ್ಕೆ ತೂಗಿ ದಾಟುತ್ತಾನೆ; ಕೆಳಗೊಬ್ಬ ನೇಣು ಹಿಡಿದು ನಿಂತು ಜಾರಿ ಬರುವ ಗೊನೆಯನ್ನು ನೆಲ ಮುಟ್ಟದಂತೆ ಬರಮಾಡಿಕೊಳ್ಳುತ್ತಾನೆ. ಅಲ್ಲಿ ಜಾರುವುದು ಗೊನೆ, ಇಲ್ಲಿ ಮನುಷ್ಯ. ಮೇಲಿನವನ ಕಣ್ಣು, ಕೆಳಗಿನವನ ಕೈ ಒಂದೇ ಲಯದಲ್ಲಿರಬೇಕಾದದ್ದು ಎರಡು ಕಡೆಯೂ ಸಮ. ಚಿತ್ರದುರ್ಗದ ಕೋಟೆಯ ಗೋಡೆಯನ್ನು ಹಗ್ಗವಿಲ್ಲದೆ ಏರುವ ಕೋತಿರಾಜ್ ಎಂಬ ಜ್ಯೋತಿರಾಜ್ ಅವರನ್ನು ನೋಡಿ ನಮ್ಮ ಹುಡುಗರಿಗೆಲ್ಲ ಕೈ ತುರಿಸುತ್ತದೆ. ಅವರಿಗೆ ನಾನು ಹೇಳುವುದು: ಮೊದಲು ನೇಣು ಹಿಡಿಯುವುದನ್ನು ಕಲಿಯಿರಿ. ಅದಕ್ಕೆ ಚಪ್ಪಾಳೆ ಬೀಳುವುದಿಲ್ಲ, ಜೀವ ಮಾತ್ರ ಉಳಿಯುತ್ತದೆ.

ರಾತ್ರಿ ಶಿಬಿರಾಗ್ನಿ. ಆದರೆ ಬೆಂಕಿ ಇಲ್ಲ! ಕಾಡಿನ ಕಟ್ಟಿಗೆ ಸುಡಬಾರದೆಂದು ನಡುವೆ ಒಂದು ದೀಪವಿಟ್ಟು ಸುತ್ತ ಕೂರುತ್ತಾರೆ. ಬಚ್ಚಲೊಲೆಯ ಮುಂದೆ ಮೈ ಕಾಯಿಸಿ ಬೆಳೆದ ನಮಗೆ ಮೊದಲ ದಿನ ನಗು ಬಂತು, ಎರಡನೆಯ ದಿನ ಅಭ್ಯಾಸವಾಯಿತು. ಗುಜರಾತಿಗಳು ಗರ್ಬಾ ಕುಣಿದರು, ಬಂಗಾಳಿಗಳು ಹಾಡಿದರು, ನಮ್ಮ ಪಾಳಿ ಬಂದಾಗ ಭದ್ರಾವತಿಯ ಗೆಳೆಯರು ಕೋಲಾಟದ ಪದ ಎತ್ತಿದರು. ಕೊನೆಗೆ ಎಲ್ಲರಿಗೂ ಬಿಸಿ ಬೋರ್ನ್‌ವಿಟಾ. ಐವತ್ತು ದಾಟಿದ ಗಂಡಸರು ಲೋಟ ಹಿಡಿದು ಸಾಲಿನಲ್ಲಿ ನಿಂತಿದ್ದನ್ನು ನೋಡಲೆಂದಾದರೂ ಒಮ್ಮೆ ಹೋಗಿಬರಬೇಕು.

ಗ್ರಹಣ್ ದಾಟಿದರೆ ದೇವದಾರು, ಅದರ ಮೇಲೆ ಕೆಂಪಗೆ ಅರಳಿದ ಬುರಾಂಸ್ ಮರಗಳು, ಅದೂ ಮುಗಿದರೆ ಹುಲ್ಲುಗಾವಲು. ಮಳೆಗಾಲದ ಮಲೆನಾಡಿನಲ್ಲಿ ನಡೆದವನಿಗೆ ಇಲ್ಲಿ ಮೊದಲು ಕಾಣೆಯಾಗುವುದು ವಾಸನೆ. ಕೊಳೆತ ಎಲೆ, ಹಾವಸೆ, ಒದ್ದೆ ಮಣ್ಣು ಯಾವುದೂ ಇಲ್ಲ. ತಣ್ಣಗಿನ, ಒಣ, ಮೂಗಿನೊಳಗೆ ಕುಯ್ಯುವ ಗಾಳಿ. ಹುಲ್ಲುಗಾವಲಿನಲ್ಲಿ ಗದ್ದಿ ಕುರುಬರು ಎದುರಾದರು. ಚಳಿಗಾಲವನ್ನು ಕೆಳಗಿನ ಬಯಲಲ್ಲಿ ಕಳೆದು ಬೇಸಿಗೆಗೆ ಕುರಿಮಂದೆಯೊಂದಿಗೆ ಮೇಲೇರುವ ಜನ. ಪಾಸುಗಳೆಲ್ಲ ಮೂಲತಃ ಇಂಥವರ ಹಾದಿ, ನಾವು ಹಿಂದಿನಿಂದ ಬಂದವರು. ಅವರಲ್ಲೊಬ್ಬ ಮುದುಕ ನಮ್ಮ ಊರು ವಿಚಾರಿಸಿ, ಅಲ್ಲಿ ಬೆಟ್ಟ ಇಲ್ಲವೇ ಎಂದು ಕೇಳಿದ. ಇದೆ ಎಂದೆವು. ಅವನೂ ಗಾಂಧಿ ಬಜಾರಿನ ಹಿರಿಯರ ಮುಖವನ್ನೇ ಮಾಡಿದ.

ಪಾಸ್ ದಾಟುವ ಮುನ್ನಿನ ನಗಾರು ಶಿಬಿರ 12,500 ಅಡಿಯಲ್ಲಿದೆ. ಡೇರೆಯ ಹಗ್ಗಗಳು ರಾತ್ರಿಯಿಡೀ ಗಾಳಿಗೆ ಮಿಡಿಯುತ್ತವೆ. ನಿದ್ದೆ ಎಂಬುದು ಹೆಸರಿಗೆ. ಮುಂಜಾವದ ಕತ್ತಲಲ್ಲೇ ಎಬ್ಬಿಸುತ್ತಾರೆ. ಬಿಸಿಲು ಬಿದ್ದು ಹಿಮ ಮೆತ್ತಗಾದರೆ ಕಾಲು ತೊಡೆವರೆಗೆ ಹೂತುಹೋಗುತ್ತದೆ, ಮಧ್ಯಾಹ್ನದ ಮೇಲೆ ಹವೆಯನ್ನೂ ನಂಬುವಂತಿಲ್ಲ. ಹಿಮ ಕಲ್ಲಿನಂತಿರುವಾಗಲೇ ದಾಟಿಬಿಡಬೇಕು. ಆ ಹೊತ್ತಿನಲ್ಲಿ ನಮ್ಮ ಭದ್ರಾವತಿಯ ಗೆಳೆಯರೊಬ್ಬರು ಡೇರೆಯಿಂದ ಹೊರಬಂದು, ಸಂಜೆಯಿಂದ ತಲೆ ಸಿಡಿಯುತ್ತಿದೆ, ಎರಡು ಸಲ ವಾಂತಿಯಾಯಿತು, ನಾನು ಬರುವುದಿಲ್ಲ ಎಂದರು. ಕಾರ್ಖಾನೆಯ ಕುಲುಮೆಯ ಎದುರು ಬದುಕು ಸವೆಸಿದ ಆಳು. ಮೇಲೇರುವ ದಾರಿಯುದ್ದಕ್ಕೂ ನಮ್ಮೆಲ್ಲರಿಗಿಂತ ಮುಂದಿದ್ದವರು. ನಾವು ನಾಲ್ಕಾರು ಮಂದಿ ಸೇರಿ ಹುರಿದುಂಬಿಸಲು ಹೋದೆವು. ಅವರು ಕೇಳಿದ್ದು ಒಂದೇ ಮಾತು: "ಹರಕೆ ಏನಾದ್ರೂ ಹೊತ್ತೀನಾ?" ಬೆಳಕು ಹರಿದ ಮೇಲೆ ಮಾರ್ಗದರ್ಶಿಯೊಬ್ಬನ ಜೊತೆ ಕೆಳಗಿಳಿದು ಹೋದರು. ಇಳಿದಂತೆ ತಲೆನೋವೂ ಇಳಿಯಿತಂತೆ, ಸಂಜೆಗೆ ಸರಿಯಾಗಿ ಊಟ ಮಾಡಿದರಂತೆ.

ನಾವು ದಾಟಿದೆವು. ಮುಂದಿನವನು ಒದ್ದು ಮಾಡಿದ ಹೆಜ್ಜೆಗುಳಿಯಲ್ಲೇ ಹೆಜ್ಜೆ ಇಡುತ್ತ, ಕಪ್ಪು ಕನ್ನಡಕದೊಳಗಿಂದ ನೆಲ ಮಾತ್ರ ನೋಡುತ್ತ. ಕನ್ನಡಕ ಶೋಕಿಗಲ್ಲ, ಹಿಮದಿಂದ ಚಿಮ್ಮುವ ಬಿಸಿಲು ಬರಿಗಣ್ಣಿಗೆ ಬಿದ್ದರೆ ಕುರುಡು ಕವಿಯುತ್ತದೆ. ಮೇಲೆ ನಿಂತಾಗ ಸುತ್ತ ಬಿಳಿ, ಅದರಾಚೆಗೆ ಇನ್ನಷ್ಟು ಬಿಳಿ. ಅಲ್ಲಿ ಘಂಟೆ ಬಾರಿಸುವಂತಿಲ್ಲ, ತೀರ್ಥವಿಲ್ಲ, ಏನು ಮಾಡಬೇಕೆಂದು ತೋಚದೆ ಒಬ್ಬರಿಗೊಬ್ಬರು ಬೆಲ್ಲ ಹಂಚಿದೆವು. ಆಮೇಲೆ ಬಿಸ್ಕೇರಿ ಶಿಬಿರದ ಕಡೆಗೆ ಹಿಮದ ಇಳಿಜಾರಿನಲ್ಲಿ ಕೂತು ಜಾರುವುದು. ಗಂಟೆಗಟ್ಟಲೆ ಹತ್ತಿದ ಎತ್ತರ ನಿಮಿಷಗಳಲ್ಲಿ ಕರಗುತ್ತದೆ. ನಿವೃತ್ತ ಮೇಷ್ಟ್ರೊಬ್ಬರು ಕಿರುಚಿದ ಕಿರುಚು ಭದ್ರಾ ಅಭಯಾರಣ್ಯದವರೆಗೆ ಕೇಳಿರಬೇಕು.

ಕೆಳಗಿಳಿದು ಹೋದ ಆ ಗೆಳೆಯರನ್ನು ನಾನು 2024ರ ಜೂನ್ ಮೊದಲ ವಾರದಲ್ಲಿ ಬಹಳ ನೆನೆದೆ. ಉತ್ತರಾಖಂಡದ ಸಹಸ್ರತಾಲ್‌ಗೆ ಹೋಗಿದ್ದ, ಬಹುಪಾಲು ಕರ್ನಾಟಕದವರೇ ಇದ್ದ 22 ಮಂದಿಯ ತಂಡ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು, 13 ಮಂದಿಯನ್ನು ರಕ್ಷಿಸಿ ತಂದರು. ಅವರು ಹೊಸಬರಲ್ಲ, ಬೆಟ್ಟ ಬಲ್ಲವರು. ಊರಲ್ಲಿ ಕೂತು ಅವರ ಬಗ್ಗೆ ತೀರ್ಪು ಕೊಡುವ ಯೋಗ್ಯತೆ ನನಗಿಲ್ಲ. ಹವೆ ಮುರಿದು ಬಿದ್ದರೆ ಅನುಭವವೂ ಕೈಕೊಡುತ್ತದೆ. ಆದರೆ ನಮ್ಮ ನಮ್ಮ ಗುಂಪುಗಳಲ್ಲಿ ನಾನು ಕಾಣುತ್ತಿರುವುದನ್ನು ಹೇಳಬಲ್ಲೆ. ದೇವರ ಬೆಟ್ಟವನ್ನು ಅರ್ಧಕ್ಕೆ ಬಿಟ್ಟರೆ ಮನಸ್ಸಿಗೆ ಕಸಿವಿಸಿ. ಹರಕೆಯಿಲ್ಲದ ಬೆಟ್ಟದ ದೊಡ್ಡ ಸುಖವೆಂದರೆ ಎಲ್ಲಿಂದ ಬೇಕಾದರೂ ತಿರುಗಬಹುದು, ಯಾರಿಗೂ ತಪ್ಪುಕಾಣಿಕೆ ಕಟ್ಟಬೇಕಿಲ್ಲ. ಅಂಥ ಬೆಟ್ಟಕ್ಕೂ ನಾವೀಗ ಹೊಸ ಹರಕೆ ಹೊತ್ತುಕೊಂಡು ಹೋಗುತ್ತಿದ್ದೇವೆ. ಕಟ್ಟಿದ ಹಣ, ಬೇಡಿ ಪಡೆದ ರಜೆ, ತುದಿಯಲ್ಲಿ ತೆಗೆಯಲೇಬೇಕಾದ ಫೋಟೋ, ಹೊರಡುವ ಮುನ್ನವೇ ವಾಟ್ಸಾಪಿನಲ್ಲಿ ಬಂದ ಅಭಿನಂದನೆ. ಇವು ಮಾರಮ್ಮನಿಗಿಂತ ಕಠಿಣ ದೇವತೆಗಳು.

ಈ ಹರಕೆಯ ಇನ್ನೊಂದು ಮುಖ ಊರ ಹತ್ತಿರವೇ ಕಂಡಿತು. 2024ರ ಜನವರಿಯ ರಜೆಯಲ್ಲಿ ಕುಮಾರ ಪರ್ವತದ ಕಾಲುದಾರಿಯಲ್ಲಿ ಜಾತ್ರೆಯಂತೆ ಜನ ಮುತ್ತಿ, ಸರ್ಕಾರ ಚಾರಣಕ್ಕೆ ಕಡಿವಾಣ ಹಾಕಿ, ಕಡೆಗೆ ದಿನಕ್ಕೆ 300 ಮಂದಿಗೆಂದು ಆನ್‌ಲೈನ್ ಬುಕಿಂಗ್ ತಂದಿತು. ಗೊಣಗಿದವರು ಬಹಳ. ನನಗೆ ಮಾತ್ರ 300 ಕೂಡ ಹೆಚ್ಚೇ ಅನಿಸುತ್ತದೆ.

ಹೀಗಾಗಿ ಈ ಸಲ ಹಿಮಾಲಯಕ್ಕೆ ಹೊರಡುವವರ ಅಭ್ಯಾಸವನ್ನು ನಾವು ಬೇರೆ ಥರ ಇಟ್ಟುಕೊಂಡಿದ್ದೇವೆ. ದೀಪಾವಳಿಯ ಜನಸಂದಣಿ ಇಳಿದ ಮೇಲೆ ಕೊಡಚಾದ್ರಿ, ಜೀಪು ಹತ್ತುವಂತಿಲ್ಲ. ಆಮೇಲೆ ಕವಲೇದುರ್ಗ, ಬೆನ್ನಿಗೆ ಎಂಟು ಕಿಲೋ ಭಾರ ಕಡ್ಡಾಯ. ಡಿಸೆಂಬರ್ ಹೊತ್ತಿಗೆ, ಬುಕಿಂಗ್ ಸಿಕ್ಕರೆ, ಕುಮಾರ ಪರ್ವತ. ಅಲ್ಲಿ ಗಿರಿಗದ್ದೆ ದಾಟಿ, ತುದಿ ಕಣ್ಣೆದುರು ಕಾಣುತ್ತಿರುವಾಗ, ಹೇಳದೆ ಕೇಳದೆ ಒಂದು ಜಾಗದಲ್ಲಿ ಎಲ್ಲರನ್ನೂ ವಾಪಸ್ ತಿರುಗಿಸಬೇಕೆಂಬುದು ಅಂದು ಇಳಿದು ಹೋದ ಭದ್ರಾವತಿಯ ಗೆಳೆಯರ ಸಲಹೆ. ಯಾರು ಯಾರು ಜಗಳಕ್ಕೆ ಬರುತ್ತಾರೆಂದು ನೋಡಿಕೊಂಡು ಮೇ ತಿಂಗಳ ಪಟ್ಟಿ ಕಟ್ಟೋಣ ಎನ್ನುತ್ತಾರೆ. ಸಲಹೆ ಒಪ್ಪಿಗೆಯಾಗಿದೆ, ಹೆಸರು ಕೊಟ್ಟವರಿಗೆ ಇದು ಇನ್ನೂ ಗೊತ್ತಿಲ್ಲ.