ನಾಲ್ಕನೇ ಕುರ್ಚಿ

ಒಂದು ಬೀಟೆ ಕುರ್ಚಿಯ ಅಡಿಯಲ್ಲಿದ್ದ ಕನ್ನಡದ ೪ ಅನ್ನು ಹೆರೆದು ಹಾಕಿ, ಅದೇ ಜಾಗದಲ್ಲಿ ರೋಮನ್ ನಾಲ್ಕು ಕೊರೆದವನು ನಾನು. ಯಾರ ಒತ್ತಾಯವೂ ಇರಲಿಲ್ಲ, ಕುಡಿದೂ ಇರಲಿಲ್ಲ.

ಹಳೆ ಮನೆ ಕೆಡವುವ ಕಡೆ ಕಂಬ, ಬಾಗಿಲುವಾಡ, ಪೆಟ್ಟಿಗೆ ಕೊಂಡು ಬೆಂಗಳೂರಿಗೆ ಸಾಗಿಸುವುದು ಮಂಡ್ಯದಲ್ಲಿ ನನ್ನ ಕಸುಬು. ಮಳವಳ್ಳಿ ಕಡೆಯ ತೊಟ್ಟಿಮನೆಯೊಂದಕ್ಕೆ ಹೋದಾಗ ಕಂಬಗಳನ್ನು ಆಗಲೇ ಯಾರೋ ಎತ್ತಿದ್ದರು. ಕೊಟ್ಟಿಗೆಯಲ್ಲಿ ಹಿಂಡಿ ಮೂಟೆಯ ಅಡಿಗೆ ಸಿಕ್ಕಿದ್ದು ಈ ಕುರ್ಚಿ. "ತಕ್ಕೊಂಡೋಗ್ ಮಗ, ಅದ್ರಲ್ ಕೂತ್ರೆ ಸೊಂಟ ನೋಯ್ತದೆ" ಅಂದರು ಅಜ್ಜಿ.

ಕಾಲು ನೋಡಿದ ಕೂಡಲೇ ನನ್ನ ಎದೆ ಹೊಡೆದುಕೊಂಡಿತು. ಮುಂದಿನವು ಮುಂದಕ್ಕೆ, ಹಿಂದಿನವು ಹಿಂದಕ್ಕೆ, ನಾಲ್ಕೂ ಕುಡುಗೋಲಿನಂತೆ ಬಾಗಿದ್ದವು. ಈ ಕಾಲಿಗೊಂದು ಚರಿತ್ರೆಯಿದೆ. ಪ್ರಾಚೀನ ಗ್ರೀಕರ ಮರದ ಕುರ್ಚಿ ಒಂದೂ ಇವತ್ತಿಗೆ ಉಳಿದಿಲ್ಲ. ಉಳಿದಿರುವುದು ಮಡಕೆಗಳ ಮೇಲಿನ ಚಿತ್ರ ಮತ್ತು ಕಲ್ಲಿನ ಕೆತ್ತನೆ. ಅಥೆನ್ಸ್ ಮ್ಯೂಸಿಯಮ್ಮಿನಲ್ಲಿ ಹೆಗೆಸೊ ಎಂಬಾಕೆಯ ಸಮಾಧಿಶಿಲೆ ಇದೆ, ಕ್ರಿಸ್ತಪೂರ್ವ ಐದನೇ ಶತಮಾನದ ಕೊನೆಯದು. ಅದರಲ್ಲಿ ಆಕೆ ಕೂತಿರುವುದು ಇಂಥದೇ ಬಾಗುಗಾಲಿನ ಕುರ್ಚಿಯ ಮೇಲೆ. ಎರಡು ಸಾವಿರ ವರ್ಷ ಕಳೆದ ಮೇಲೆ ಯುರೋಪಿನವರು ಅಂಥ ಚಿತ್ರ, ಶಿಲ್ಪ ನೋಡಿಕೊಂಡು ಮತ್ತೆ ಮರದಲ್ಲಿ ಮಾಡಲು ಹೊರಟರು. ಅದೇ ನಿಯೋಕ್ಲಾಸಿಕಲ್ ಶೈಲಿ. ಇಂಗ್ಲೆಂಡಿನಲ್ಲಿ ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಅದು ರಿಜೆನ್ಸಿ ಕುರ್ಚಿಯಾಯಿತು. ಇಷ್ಟನ್ನು ಪುಸ್ತಕ ಓದಿ ತಿಳಿದಿದ್ದೆ. ಕಷ್ಟ ಶುರುವಾಗಿದ್ದೇ ಅಲ್ಲಿಂದ.

1799ರ ಮಾರ್ಚ್ 27ರಂದು ಮಳವಳ್ಳಿಯಲ್ಲಿ ಟಿಪ್ಪುವಿಗೂ ಜನರಲ್ ಹ್ಯಾರಿಸ್ ಸೈನ್ಯಕ್ಕೂ ಕಾಳಗ ನಡೆಯಿತಲ್ಲ, ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತಲ್ಲ, ಆಮೇಲೆ ಬಂದ ಯಾವನೋ ದೊರೆ ಹಡಗಿನಲ್ಲಿ ತಂದ ಕುರ್ಚಿ ಇದು ಎಂದು ಮನಸ್ಸಿನಲ್ಲೇ ಕಥೆ ಕಟ್ಟಿಬಿಟ್ಟೆ. ಬೆಲೆಯನ್ನೂ ಕಟ್ಟಿದೆ. ಒಂದೆರಡು ಸ್ಕ್ರೂ ಬಿಚ್ಚಿ ನೋಡಿದರೆ ತುದಿ ಮೊಂಡು. ಚೂಪು ತುದಿಯ ಸ್ಕ್ರೂ ಬಳಕೆಗೆ ಬಂದಿದ್ದು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ. ಗರಗಸದ ಗೀರುಗಳೂ ನೇರ, ಅಂದರೆ ಕೈಗರಗಸ. ಎಲ್ಲವೂ ನನ್ನ ಕಥೆಗೆ ಹೊಂದಿಕೊಂಡೇ ಬಂದವು.

ಬೆತ್ತ ಹೆಣೆದ ಚೌಕಟ್ಟನ್ನು ಎತ್ತಿ ಒಳಪಟ್ಟಿಯ ಕೊಳೆ ಒರೆಸಿದಾಗ ಕಂಡಿತು: ೪. ಮೊನಚು ಉಳಿಯಲ್ಲಿ ಕೊರೆದ, ಬಾಲ ಸ್ವಲ್ಪ ಉದ್ದವಾದ ಕನ್ನಡದ ನಾಲ್ಕು. ಚೌಕಟ್ಟಿನ ಅಡಿಯಲ್ಲೂ ಅದೇ ಅಂಕಿ. ಸೆಟ್ಟಿನ ಕುರ್ಚಿಗಳಲ್ಲಿ ಯಾವ ಚೌಕಟ್ಟು ಯಾವುದಕ್ಕೆ ಕೂರುತ್ತದೆಂದು ಬಡಗಿಗಳು ಹೀಗೆ ಗುರುತು ಹಾಕುತ್ತಾರೆ. ಇಂಗ್ಲೆಂಡಿನವರು ಹಾಕುತ್ತಿದ್ದುದು ರೋಮನ್ ಅಂಕಿ, ನಾಲ್ಕಕ್ಕೆ ನಾಲ್ಕು ಗೀಟು. ಮಾಡಿದವನು ನಮ್ಮವನೇ ಆಚಾರಿ ಎಂದು ಅಲ್ಲಿಗೆ ಗೊತ್ತಾಯಿತು. ನನಗೆ ಆಗ ಅನಿಸಿದ್ದು ಒಂದೇ ಮಾತು: ನಕಲಿ.

ಆ ರಾತ್ರಿಯೇ ಎರಡು ನಾಲ್ಕನ್ನೂ ಹೆರೆದೆ, ನಾಲ್ಕು ಗೀಟು ಎಳೆದೆ. ಬೀಟೆಯ ಹಳೆ ಮೈ ಕಪ್ಪು, ಹೊಸದಾಗಿ ಕೊರೆದರೆ ನೇರಳೆ ಬಣ್ಣ ಇಣುಕುತ್ತದೆ. ಅದನ್ನು ಮುಚ್ಚಲು ಬೂಟ್ ಪಾಲಿಶ್ ತಿಕ್ಕಿದೆ. ಇಷ್ಟಕ್ಕೇ ನಿಲ್ಲಿಸಲಿಲ್ಲ. ಮೈಮೇಲಿದ್ದ ಹಳೆ ಅರಗಿನ ಪಾಲಿಶ್ ಮಂಕು ಕಂಡಿತೆಂದು ಕಾಸ್ಟಿಕ್ ಸೋಡಾ ಹಾಕಿ ತೊಳೆದು, ಉಪ್ಪುಕಾಗದ ಹೊಡೆದು, ಥಳಥಳಿಸುವ ಪಿಯು (ಪಾಲಿಯುರೆಥೇನ್) ವಾರ್ನಿಷ್ ಬಳಿಸಿದೆ. (ದೊಡ್ಡವರೂ ಇದನ್ನೇ ಮಾಡಿದ್ದಾರೆ. ಬಣ್ಣ ಬಳಿದಿದ್ದ ಗ್ರೀಕ್ ಶಿಲ್ಪಗಳು ಮೊದಲಿಂದಲೂ ಬೆಳ್ಳಗಿದ್ದವೆಂದು ಯುರೋಪು ನಂಬಿತ್ತು. 1937–38ರಲ್ಲಿ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಪಾರ್ಥೆನಾನ್ ಶಿಲ್ಪಗಳನ್ನು ಇನ್ನಷ್ಟು ಬಿಳಿ ಮಾಡಲು ತಾಮ್ರದ ಉಳಿಯಿಂದ ಹೆರೆದರು. ಅದು ಗೊತ್ತಿದ್ದೂ ನಾನು ಹೆರೆದೆ.)

ಬೆಂಗಳೂರಿನ ವ್ಯಾಪಾರಿ ಕುರ್ಚಿ ಮಗುಚಿದರು. ಗೀಟಿನ ಮೇಲೆ ಉಗುರು ಆಡಿಸಿ, ಬಗ್ಗಿ ಮೂಸಿದರು. "ಚೆರಿ ಬ್ಲಾಸಮ್ಮಾ?" ಅಂದರು. ನಾನು ಸುಮ್ಮನಿದ್ದೆ. "ಇಲ್ಲಿ ಮೊದಲು ಏನಿತ್ತು?" ಹೇಳಿದೆ. ಅವರು ಬೈಯಲಿಲ್ಲ. "ಇಂಗ್ಲಿಷ್ ಕುರ್ಚಿ ಲಂಡನ್ನಿನಲ್ಲಿ ಬೇಕಾದಷ್ಟು ಸಿಗ್ತವೆ ಕಣ್ರೀ, ಕನ್ನಡ ಅಂಕಿ ಇರೋ ರಿಜೆನ್ಸಿ ಕುರ್ಚಿ ನಾನು ಕಂಡೇ ಇಲ್ಲ" ಅಂದು ಟೀ ತರಿಸಿದರು. ಆಮೇಲೆ ನನ್ನಿಂದ ಏನನ್ನೂ ಕೊಂಡಿಲ್ಲ.

ಹೋದ ವ್ಯಾಪಾರಕ್ಕಿಂತ ಹೆಚ್ಚು ಕೊರೆದದ್ದು ಬೇರೆ. ನಮ್ಮ ಜಿಲ್ಲೆಯಲ್ಲೇ ಈ ಶೈಲಿ ಕಣ್ಣೆದುರು ನಿಂತಿದೆ, ನಾನು ಅದನ್ನು ಎಂದೂ ನಕಲಿ ಅಂದವನಲ್ಲ. ಶ್ರೀರಂಗಪಟ್ಟಣದ ಗುಂಬಜ್ ಬಳಿ ಕರ್ನಲ್ ಬೈಲಿಯ ಸ್ಮಾರಕವಿದೆ, 1816ರಲ್ಲಿ ಅವನ ಬಂಧುವೊಬ್ಬ ಕಟ್ಟಿಸಿದ್ದು. ಬ್ರಿಟಿಷ್ ರೆಸಿಡೆಂಟ್ ಜೋಸಯ್ಯ ವೆಬ್ 1804ರಲ್ಲಿ ತೀರಿಕೊಂಡಾಗ ದಿವಾನ್ ಪೂರ್ಣಯ್ಯ ಅವನ ನೆನಪಿಗೆ ಪಟ್ಟಣದ ಹತ್ತಿರ ಕಲ್ಲಿನ ಸೂಜಿಗಂಬ ನಿಲ್ಲಿಸಿದರು. ಅದೇ ವೆಬ್‌ಗೆ ಮದ್ರಾಸಿನ ಸೇಂಟ್ ಮೇರೀಸ್ ಚರ್ಚಿನಲ್ಲಿ ಅಮೃತಶಿಲೆಯ ಸ್ಮಾರಕ ಮಾಡಿದವನು ಜಾನ್ ಫ್ಲಾಕ್ಸ್‌ಮನ್, ಇಂಗ್ಲೆಂಡಿನ ನಿಯೋಕ್ಲಾಸಿಕಲ್ ಶಿಲ್ಪಿಗಳಲ್ಲಿ ದೊಡ್ಡ ಹೆಸರು. ಫ್ಲಾಕ್ಸ್‌ಮನ್ ಗ್ರೀಕ್ ಶಿಲ್ಪ ನೋಡಿ ಕೆತ್ತಿದರೆ ಕಲೆ, ನಮ್ಮ ಆಚಾರಿ ದೊರೆಯ ಕುರ್ಚಿ ನೋಡಿ ಮಾಡಿದರೆ ನಕಲಿ! ಶ್ರೀರಂಗಪಟ್ಟಣದಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಫಿರಂಗಿ ಗಾಡಿಯ ಕಾರ್ಖಾನೆಯನ್ನೇ ನಡೆಸಿದ್ದರು. ಅಂಥ ಕಡೆ ಪಳಗಿದ ಬಡಗಿಯೊಬ್ಬನ ಕೈಯೇ ಇದಿರಬಹುದು ಎಂದು ನನ್ನ ಊಹೆ. ಊಹೆಗೆ ಆಧಾರವಾಗಬಹುದಾಗಿದ್ದ ಅಂಕಿ ನಮ್ಮ ಮನೆಯ ಕಸದ ಜೊತೆ ಹೋಯಿತು.

ಮತ್ತೆ ಅಜ್ಜಿಯ ಹತ್ತಿರ ಹೋದೆ. ಎರಡು ಕುರ್ಚಿ ಆಲೆಮನೆ ಒಲೆಗೆ ಹೋಗಿದ್ದವಂತೆ. ಇನ್ನೊಂದು ಮದ್ದೂರಿನಲ್ಲಿ ಮಗಳ ಮನೆಯಲ್ಲಿತ್ತು, ಮೇಲೆ ಇನ್ವರ್ಟರ್ ಬ್ಯಾಟರಿ. ಮೊಬೈಲ್ ಟಾರ್ಚ್ ಬಿಟ್ಟು ನೋಡಿದೆ. ಕೊಳೆಯ ನಡುವೆ ೨, ಅದೇ ಉದ್ದನೆ ಬಾಲ. ಫೋಟೊ ತೆಗೆದುಕೊಂಡೆ. ಮಾರುವುದಿಲ್ಲ ಅಂದರು, ನಾನೂ ಒತ್ತಾಯ ಮಾಡಲಿಲ್ಲ. ಬ್ಯಾಟರಿ ಆಸಿಡ್ ಚೆಲ್ಲದಂತೆ ಅಡಿಗೊಂದು ಹಲಗೆ ಮಾತ್ರ ಇಡಿಸಿ ಬಂದೆ.

ನನ್ನ ಕುರ್ಚಿಯ ಅಡಿಗೆ ಈಗ ಒಂದು ಚೀಟಿ ಅಂಟಿಸಿದ್ದೇನೆ. ಎಲ್ಲಿಂದ ತಂದಿದ್ದು, ಎಲ್ಲಿ ಯಾವ ಅಂಕಿ ಇತ್ತು, ಯಾರು ಹೆರೆದರು ಎಂದು ಅದರಲ್ಲಿ ಬರೆದಿದೆ. ಮದ್ದೂರಿನ ಫೋಟೊವೂ ಜೊತೆಗಿದೆ. ಮೊನ್ನೆ ಒಬ್ಬರು ಅದನ್ನು ಓದಿ ಅರ್ಧ ಬೆಲೆಗೆ ಕೇಳಿದರು. ಚೀಟಿ ಕೀಳುವುದಿಲ್ಲ ಎಂದು ಒಪ್ಪಿದರೆ ಕೊಟ್ಟುಬಿಡುತ್ತೇನೆ.