ಸರಾಸರಿಯ ಸಂಗತಿ

ಹೋಗುವಾಗ ಗಂಟೆಗೆ 40 ಕಿಲೋಮೀಟರ್, ಅದೇ ದಾರಿಯಲ್ಲಿ ಬರುವಾಗ 60, ಸರಾಸರಿ ವೇಗವೆಷ್ಟು? ಯಾರನ್ನೇ ಕೇಳಿ, ನಾಲಗೆಯ ತುದಿಯಲ್ಲಿ 50 ಸಿದ್ಧವಾಗಿರುತ್ತದೆ. ಕೂಡಿಸಿ ಎರಡರಿಂದ ಭಾಗಿಸುವ ಚಟ ನಮಗೆ ಹೈಸ್ಕೂಲಿನಿಂದಲೇ ಅಂಟಿದ್ದು. ಆದರೆ ಉತ್ತರ 48. ದಾರಿ 120 ಕಿಲೋಮೀಟರ್ ಎಂದಿಟ್ಟುಕೊಳ್ಳಿ: ಹೋಗಲು ಮೂರು ಗಂಟೆ, ಬರಲು ಎರಡು, 240ನ್ನು ಐದರಿಂದ ಭಾಗಿಸಿದರಾಯಿತು. ನಿಧಾನದ ಪ್ರಯಾಣ ಹೆಚ್ಚು ಹೊತ್ತು ನುಂಗುವುದರಿಂದ ಸರಾಸರಿಯನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಎರಡು ವೇಗದಲ್ಲೂ ಸಮನಾದ ಹೊತ್ತು ಓಡಿದ್ದರೆ ಮಾತ್ರ 50 ಸರಿ.

ಈ ಲೆಕ್ಕ ಪುಸ್ತಕ ಬಿಟ್ಟು ಎದ್ದು ಬಂದದ್ದು ನನ್ನ ತಂಗಿಯ ಮಗಳ ಮದುವೆಯ ದಿನ. ಬೆಂಗಳೂರು–ಮೈಸೂರು ಹೊಸ ಹೆದ್ದಾರಿ 2023ರಲ್ಲಿ ತೆರೆಯುವುದಕ್ಕೆ ಮುಂಚಿನ ಮಾತು. ಸೋದರಮಾವನಾದ ನಾನೇ ಹುಡುಗಿಯನ್ನು ಮಂಟಪಕ್ಕೆ ಕರೆತರಬೇಕು, ಮುಹೂರ್ತ ಹನ್ನೊಂದಕ್ಕೆ. ಹಿಂದಿನ ದಿನ ರಜ ಸಿಗದೆ, ಅಂದೇ ಬೆಳಿಗ್ಗೆ ಎಂಟಕ್ಕೆ ಹೊರಟೆವು. ಕಾರು ನನ್ನ ಹೆಂಡತಿಯ ಅಣ್ಣನದು, ಲೆಕ್ಕವೂ ಅವರದೇ. "140 ಕಿಲೋಮೀಟರ್, ಸರಾಸರಿ 60, ಹತ್ತು ಇಪ್ಪತ್ತಕ್ಕೆ ಛತ್ರದಲ್ಲಿ ಕಾಫಿ" ಎಂದರು.

ಕೆಂಗೇರಿ, ಬಿಡದಿ, ರಾಮನಗರ, ಎಲ್ಲೆಲ್ಲೂ ಲಾರಿಗಳ ಸಾಲು. ಬಿಡದಿಯಲ್ಲಿ ಭಾವನವರಿಗೆ ತಟ್ಟೆ ಇಡ್ಲಿ ಬೇರೆ ಆಗಬೇಕಾಯಿತು. ಕಾರು ನಿಂತರೂ ಗಡಿಯಾರ ನಿಲ್ಲುವುದಿಲ್ಲವಷ್ಟೆ. ತಿಂದ ಹೊತ್ತೂ ಸರಾಸರಿಗೆ ಸೇರುತ್ತದೆ. ಚನ್ನಪಟ್ಟಣ ದಾಟಿ ಅರ್ಧ ದಾರಿ ಮುಗಿಯುವ ವೇಳೆಗೆ ನಮ್ಮ ಸರಾಸರಿ 30.

"ಅದಕ್ಕೇನಂತೆ? ಇನ್ನರ್ಧ 90ರಲ್ಲಿ ಹೊಡೆದರೆ 60 ಬಂತಲ್ಲ!"

"ಇಲ್ಲ ಮಾವ," ಎಂದಳು ಹಿಂದಿನ ಸೀಟಿನಿಂದ ನನ್ನ ಮಗಳು. "ಇಡೀ ದಾರಿಗೆಂದು ಇಟ್ಟುಕೊಂಡಿದ್ದ ಎರಡು ಗಂಟೆ ಇಪ್ಪತ್ತು ನಿಮಿಷ ಇಲ್ಲಿಗೇ ಮುಗಿಯಿತು. 60 ಬರಬೇಕಾದರೆ ನಾವು ಈ ಕ್ಷಣವೇ ಮೈಸೂರಿನಲ್ಲಿರಬೇಕು."

ಮನಶ್ಶಾಸ್ತ್ರಜ್ಞ ವರ್ಟ್‌ಹೈಮರ್ 1934ರಲ್ಲಿ ಇದೇ ಜಾತಿಯ ಒಗಟನ್ನು ಐನ್‌ಸ್ಟೈನರಿಗೆ ಕಳಿಸಿದ್ದರು. ಲೆಕ್ಕ ಹಾಕಿ ನೋಡುವವರೆಗೆ ಅವರಿಗೂ ಹೊಳೆಯಲಿಲ್ಲವಂತೆ. ಇನ್ನು ಭಾವನವರನ್ನು ದೂರುವುದು ಹೇಗೆ?

ಅವರು ಈಗ 120ರ ಮಾತೆತ್ತಿದರು. ಉಳಿದ 70 ಕಿಲೋಮೀಟರಿಗೆ 90ರಲ್ಲಿ ಸುಮಾರು 47 ನಿಮಿಷ, 120ರಲ್ಲಿ 35. ಉಳಿಯುವುದು ಹನ್ನೆರಡೇ ನಿಮಿಷ. ಆ ಹನ್ನೆರಡರ ನಡುವೆಯೇ ಮುಹೂರ್ತವಿತ್ತೆಂಬುದೂ ನಿಜ. ಆದರೆ ಮುಂದೆ ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ. ರಸ್ತೆ ದಾಟುವ ಸ್ಕೂಲು ಮಕ್ಕಳು, ಕಬ್ಬಿನ ಗಾಡಿಗಳು. "70 ಸಾಕು ಭಾವ" ಎಂದೆ. ತಂಗಿಗೆ ಫೋನು ಮಾಡಿ, ನಮ್ಮ ತಮ್ಮನೇ ಹುಡುಗಿಯನ್ನು ಕರೆತರಲಿ ಎಂದು ಹೇಳಿದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಆಗಲಿ, ನಿಧಾನವಾಗಿ ಬಾ ಅಣ್ಣ" ಎಂದಳು.

ಹನ್ನೊಂದು ಇಪ್ಪತ್ತಕ್ಕೆ ಛತ್ರ ಸೇರಿದೆವು. ತಾಳಿ ಕಟ್ಟಿ ಆಗಿತ್ತು. ಅಕ್ಷತೆ ಹಾಕಲು ಹೋದರೆ ಹುಡುಗಿ ತಲೆಯೆತ್ತಿ, "ಬಂದಿರಾ ಮಾವ" ಎಂದಳು. ನನ್ನ ಮಗಳು ಲಗ್ನಪತ್ರಿಕೆಯ ಹಿಂದೆ ಬರೆದುಕೊಂಡಿದ್ದ ಉತ್ತರವನ್ನು ಭಾವನವರು ಊಟದ ಪಂಕ್ತಿಯಲ್ಲಿ ಎರಡು ಸಲ ತಾಳೆ ನೋಡಿದರು: 42.