ನೀರೊಳಗಿನ ಜಿಗ್ಗು

ಕಸದ ವಿಷಯದಲ್ಲಿ ನನ್ನ ಅಳಿಯನಷ್ಟು ಮಡಿವಂತನನ್ನು ನಾನು ಕಂಡಿಲ್ಲ. ಕಾಗದಕ್ಕೊಂದು ಡಬ್ಬ, ಗಾಜಿಗೊಂದು ಡಬ್ಬ, ಉಳಿದದ್ದಕ್ಕೆ ಇನ್ನೊಂದು. ಬಾಳೆಹಣ್ಣಿನ ಸಿಪ್ಪೆ ಕೈಯಲ್ಲಿ ಹಿಡಿದುಕೊಂಡು, ಯಾವ ಡಬ್ಬ ಎಂದು ತಿಳಿಯದೆ, ಅವನ ಅಡುಗೆಮನೆಯಲ್ಲಿ ನಾನು ಐದು ನಿಮಿಷ ನಿಂತದ್ದುಂಟು. ಅಂಥವನಿರುವ ಊರಿನಲ್ಲಿ ಪಕ್ಕದ ಮನೆಯ ಮುದುಕ ಹಾಡಹಗಲೇ ಏಳು ಮರಗಳನ್ನು ಟ್ರಕ್ಕಿಗೆ ಹೇರುತ್ತಾ, ‘ಕೆರೆಗೆ ಹಾಕಿ ಬರೋಣ, ಬರುತ್ತೀರಾ?’ ಎಂದು ಕೇಳಿದರೆ ಹೇಗಾಗಬೇಡ?

ಊರಿನ ಹೆಸರು ಕಮ್ಮಿಂಗ್. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾದ ಉತ್ತರಕ್ಕಿದೆ. ಹೆಸರಿಗೆ ತಕ್ಕ ಹಾಗೆ ನಮ್ಮವರು ಅಲ್ಲಿಗೆ ಬರುತ್ತಲೇ ಇದ್ದಾರೆ, ಹೋದವರು ಮಾತ್ರ ಕಡಿಮೆ. ಪಕ್ಕದಲ್ಲೇ ಲೇನಿಯರ್ ಸರೋವರ. ಸರೋವರ ಅಂದರೆ ಮಾನಸ ಸರೋವರದ ಹಾಗೆ ದೇವರು ಮಾಡಿದ್ದಲ್ಲ. ಚಟಾಹೂಚಿ ನದಿಗೆ ಬ್ಯೂಫರ್ಡ್ ಎಂಬಲ್ಲಿ ಅಣೆಕಟ್ಟು ಕಟ್ಟಿ 1956ರಲ್ಲಿ ನೀರು ನಿಲ್ಲಿಸಿದ್ದು. ಹರವು ಸುಮಾರು 38,000 ಎಕರೆ. ಹೆಸರು ಸಿಡ್ನಿ ಲೇನಿಯರ್ ಎಂಬ ಹತ್ತೊಂಬತ್ತನೆಯ ಶತಮಾನದ ಕವಿಯದು. ಆ ನದಿಯ ಮೇಲೆ ಪದ್ಯ ಬರೆದವನ ಹೆಸರನ್ನೇ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿಗೆ ಇಟ್ಟಿದ್ದಾರೆ. ನಮ್ಮಲ್ಲಿ ಜಲಾಶಯಕ್ಕೆ ಸಾಮಾನ್ಯವಾಗಿ ರಾಜರ ಹೆಸರು, ಇಲ್ಲವೇ ಮುಳುಗಿದ ಊರಿನ ಹೆಸರು. ನಾರಾಯಣಪುರದ ಬಸವಸಾಗರವನ್ನು ಲೆಕ್ಕಕ್ಕೆ ಹಿಡಿದರೆ ನಮ್ಮ ಕಡೆಯಿಂದಲೂ ಒಬ್ಬ ವಚನಕಾರರಿದ್ದಾರೆ ಎಂದು ಸಮಾಧಾನಪಟ್ಟುಕೊಳ್ಳಬಹುದು.

ಮರಗಳ ವಿಷಯಕ್ಕೆ ಬರೋಣ. ಅವು ಕ್ರಿಸ್ಮಸ್ ಮರಗಳು. ಡಿಸೆಂಬರಿನಲ್ಲಿ ದುಡ್ಡು ಕೊಟ್ಟು ತಂದು, ದೀಪ, ನಕ್ಷತ್ರ ಎಲ್ಲ ಕಟ್ಟಿ ಮೆರೆಸಿ, ಜನವರಿಯ ಮೊದಲ ವಾರ ರಸ್ತೆಯ ಅಂಚಿಗೆ ಎಳೆದು ಹಾಕುತ್ತಾರೆ. ಗಣಪತಿಯನ್ನು ಕೂರಿಸಿದವರು ನಾವು; ಹಬ್ಬದ ಮರುದಿನದ ಬೇಸರ ನಮಗೆ ಹೊಸದಲ್ಲ, ಮುಳುಗಿಸುವುದಂತೂ ಹೊಸದೇ ಅಲ್ಲ. ಹಾಗಾಗಿ ನಾನು ಹೊರಟೆ. ‘ಅಪ್ಪಯ್ಯ, ಸ್ವೆಟರು!’ ಎಂದು ಮಗಳು ಬಾಗಿಲಿನಿಂದ ಕೂಗಿದಳು.

ಮುದುಕ ಕೆಲಸದಲ್ಲಿ ಅಚ್ಚುಕಟ್ಟು. ಮರದಲ್ಲಿ ಒಂದೆಳೆ ಬೇಗಡೆಯೂ ಉಳಿಯದಂತೆ ಆರಿಸಿ ತೆಗೆದ. ಬುಡಕ್ಕೆ ತೂತಿನ ಸಿಮೆಂಟ್ ಬ್ಲಾಕು ಕಟ್ಟಿದ. ಬ್ಲಾಕಿಲ್ಲದಿದ್ದರೆ ಮರ ತೇಲಿಕೊಂಡು ಯಾರದೋ ದೋಣಿಗೆ ಅಡ್ಡ ಬರುತ್ತದೆ. ಬುಡಕ್ಕೆ ಭಾರ ಬಿದ್ದರೆ ತುದಿ ತಾನಾಗಿ ಮೇಲಕ್ಕೆ ಎಳೆಯುತ್ತದೆ, ಮರ ನೀರಿನ ತಳದಲ್ಲಿ ನೆಟ್ಟ ಹಾಗೆ ನಿಲ್ಲುತ್ತದೆ. ಪೈನಿಗಿಂತ ಓಕ್ ಮರದ ಕೊಂಬೆ ಹೆಚ್ಚು ವರ್ಷ ಬಾಳುತ್ತದಂತೆ. ಕ್ರಿಸ್ಮಸ್ ಮರದ ಸೂಜಿಯೆಲೆ ಬೇಗ ಉದುರಿ, ನಾಲ್ಕೈದು ವರ್ಷಕ್ಕೆ ಬರೀ ಅಸ್ಥಿಪಂಜರ ಉಳಿಯುತ್ತದೆ. ಆದರೆ ಪುಕ್ಕಟೆ ಸಿಗುವುದು ಇದೇ ತಾನೆ! ಜಲಾಶಯವನ್ನು ನೋಡಿಕೊಳ್ಳುವುದು ಅಲ್ಲಿನ ಸೇನೆಯ ಎಂಜಿನಿಯರುಗಳ ವಿಭಾಗ. ಹಾಕುವ ಮೊದಲು ಅವರ ಒಪ್ಪಿಗೆ ಬೇಕು. ಮುದುಕ ಆ ಕಾಗದವನ್ನು ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡಿದ್ದ.

ಸಣ್ಣ ಕೊಂಬೆ ರೆಂಬೆಗಳ ಇಂಥ ರಾಶಿಗೆ ನಮ್ಮ ಸಾಗರ ಸೀಮೆಯಲ್ಲಿ ಜಿಗ್ಗು ಅನ್ನುತ್ತಾರೆ. ಬೆಟ್ಟದ ಸೊಪ್ಪು ಕಡಿದು ಅಡಿಕೆ ತೋಟಕ್ಕೆ ಹಾಸುವ ಮನೆತನದಿಂದ ಬಂದವನು ನಾನು. ಮರದ ಬುಡಕ್ಕೆ ಸೊಪ್ಪು ಹಾಕಿದರೆ ಏನಾಗುತ್ತದೆ ಎಂದು ಕೇಳಿ, ಹೇಳುತ್ತೇನೆ. ಮೀನಿಗೆ ಜಿಗ್ಗು ಹಾಕುವುದು ಮಾತ್ರ ಹೊಸತು. ಅದೂ ನಾನು ಮೀನು ತಿನ್ನುವವನಲ್ಲ. ಒಲೆಯ ಮೇಲೆ ಬೇಯುವಾಗ ಮೂಗು ಮುಚ್ಚಿಕೊಳ್ಳುವ ಪೈಕಿ. ಆಸೆ ಇಲ್ಲದವನಿಗೆ ಕುತೂಹಲ ಜಾಸ್ತಿ.

‘ಇಷ್ಟು ದೊಡ್ಡ ನೀರಿದೆಯಲ್ಲ, ಮೀನಿಗೆ ಜಿಗ್ಗು ಯಾಕೆ?’ ಎಂದು ಕೇಳಿದೆ. ‘ನೀರಿದೆ, ಮನೆ ಎಲ್ಲಿದೆ?’ ಎಂದ ಮುದುಕ.

ಅವನು ಹೇಳಿದ್ದು ನನಗೆ ಕೂಡಲೇ ಅರ್ಥವಾಯಿತು, ಏಕೆಂದರೆ ಲಿಂಗನಮಕ್ಕಿಯ ಹಿನ್ನೀರಿನ ದಂಡೆಯಲ್ಲಿ ಬೆಳೆದವನು ನಾನು. 1964ರಲ್ಲಿ ಶರಾವತಿ ಅಲ್ಲಿ ನಿಂತಾಗ ತೋಟ, ಗದ್ದೆ, ಕಾಡು, ಕಡೆಗೆ 1948ರಲ್ಲಿ ಮುಗಿದಿದ್ದ ಹಿರೇಭಾಸ್ಕರ ಅಣೆಕಟ್ಟೂ ನೀರಿನಡಿ ಹೋಯಿತು. ಒಂದು ಅಣೆಕಟ್ಟನ್ನು ಇನ್ನೊಂದು ಅಣೆಕಟ್ಟು ನುಂಗಿದ ಕಥೆ ನಮ್ಮದು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ಮತ್ತೆ ತಲೆ ತೋರಿಸುತ್ತದೆ, ಜೊತೆಗೆ ಕಪ್ಪಾದ ಮರದ ಬೊಡ್ಡೆಗಳು. ಲೇನಿಯರಿನಲ್ಲೂ ಆಳದ ಮರಗಳನ್ನು ಎಷ್ಟೋ ಕಡೆ ನಿಂತಲ್ಲೇ ಬಿಟ್ಟು ನೀರು ತುಂಬಿಸಿದ್ದಾರೆ. ಹೊಸ ಜಲಾಶಯದಲ್ಲಿ ಹೀಗೆ ಮುಳುಗಿದ ಕಾಡೇ ಮೀನಿಗೆ ಊರು. ಆದರೆ ವರ್ಷ ಕಳೆದಂತೆ ದಂಡೆಯ ಕಡೆಯ ಮರ ಕೊಳೆಯುತ್ತದೆ, ಹೂಳು ಕೂರುತ್ತದೆ, ತಳ ಗುಡಿಸಿ ಸಾರಿಸಿದ ಅಂಗಳದ ಹಾಗಾಗುತ್ತದೆ. ಅಂಗಳ ನೋಡಲು ಚೆಂದ, ಅಡಗಲು ಜಾಗವಿಲ್ಲ.

ಮನುಷ್ಯರೂ ಹೀಗೇ ಅಲ್ಲವೆ? ಮದುವೆ ಮಂಟಪಕ್ಕೆ ಬೇಗ ಹೋದವರು ಖಾಲಿ ಹಾಲಿನ ನಡುವೆ ನಿಲ್ಲುವುದನ್ನು ಎಂದಾದರೂ ಕಂಡಿದ್ದೀರಾ? ಕಂಬ ಹುಡುಕುತ್ತಾರೆ. ಕಂಬ ಸಿಗದಿದ್ದರೆ ಗೋಡೆ, ಗೋಡೆಯೂ ಭರ್ತಿಯಾಗಿದ್ದರೆ ಇನ್ನೊಬ್ಬ ನೆಂಟನ ಬೆನ್ನು. ಬೆನ್ನಿಗೆ ಏನಾದರೂ ತಾಗಿದ ಮೇಲೆಯೇ ಮಾತು ಹೊರಡುವುದು.

ಮೀನಿಗೆ ಒರಗುವ ಕಂಬದಲ್ಲೇ ಊಟವೂ ಸಿಗುತ್ತದೆ. ಮರ ಮುಳುಗಿದ ಕೆಲವು ವಾರಗಳಲ್ಲಿ ಕೊಂಬೆಯ ಮೇಲೆ ಪಾಚಿಯ ಲೋಳೆ ಕಟ್ಟುತ್ತದೆ. ಅದನ್ನು ಮೇಯಲು ಹುಳು ಹುಪ್ಪಟೆ, ಹುಳುವಿಗೆ ಸಣ್ಣ ಮೀನು, ಸಣ್ಣ ಮೀನಿಗೆ ದೊಡ್ಡ ಮೀನು. ಮರಿಗಳಿಗೆ ಒತ್ತು ರೆಂಬೆಗಳ ಸಂದು ಬೇಕು, ದೊಡ್ಡವು ಅಲ್ಲಿ ನುಗ್ಗಲಾರವು. ದೊಡ್ಡ ಬಾಸ್ ಮೀನಿಗೆ ನೆರಳು ಬೇಕು, ಅಲ್ಲಿ ನಿಂತು ಹೊಂಚು ಹಾಕುವುದಕ್ಕೆ. ಒಂದೇ ಜಿಗ್ಗಿನಲ್ಲಿ ಅಡಗುವವರೂ ಅಡಗಿದವರನ್ನು ಹುಡುಕುವವರೂ ಸಂಸಾರ ಹೂಡುತ್ತಾರೆ. ಒಟ್ಟು ಕುಟುಂಬ ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಜಿಗ್ಗು ಹಾಕುವುದನ್ನು ಉಲ್ಟಾ ಮಾಡಿ ನೋಡಿದವರೂ ಇದ್ದಾರೆ. ವಿಸ್ಕಾನ್ಸಿನ್ ರಾಜ್ಯದಲ್ಲಿ ಲಿಟಲ್ ರಾಕ್ ಎಂಬ ಪುಟ್ಟ ಕೆರೆಯನ್ನು ಪರದೆ ಹಾಕಿ ಎರಡು ಪಾಲು ಮಾಡಿದ್ದರು. 2002ರಲ್ಲಿ ವಿಜ್ಞಾನಿಗಳು ಒಂದು ಪಾಲಿನಿಂದ, ದಂಡೆಯಲ್ಲಿ ಬಿದ್ದು ಮುಳುಗಿದ್ದ ಮರಗಳಲ್ಲಿ ನೂರಕ್ಕೆ 75ರಷ್ಟನ್ನು ಎತ್ತಿ ಹೊರಗೆ ಹಾಕಿದರು. ಇನ್ನೊಂದು ಪಾಲನ್ನು ಮುಟ್ಟಲಿಲ್ಲ. ಮರ ತೆಗೆದ ಕಡೆ ಪರ್ಚ್ ಎಂಬ ಸಣ್ಣ ಮೀನು ಹೆಚ್ಚುಕಡಿಮೆ ಇಲ್ಲವಾಗುವಷ್ಟು ಇಳಿಯಿತು, ಅದನ್ನು ತಿಂದು ಬದುಕುತ್ತಿದ್ದ ಬಾಸ್ ಮೀನಿನ ಬೆಳವಣಿಗೆ ಕುಂಠಿತವಾಯಿತು, ದಂಡೆಯಿಂದ ನೀರಿಗೆ ಬೀಳುವ ಹುಳುಗಳಿಗೆ ಬಾಯಿ ಹಾಕುವ ಸ್ಥಿತಿ ಬಂತು. ಕೆರೆ ‘ಚೊಕ್ಕಟ’ ಮಾಡುತ್ತೇವೆಂದು ಹೊರಡುವ ನಮ್ಮ ಊರಿನ ಉತ್ಸಾಹಿಗಳು ಇದನ್ನೊಮ್ಮೆ ಕೇಳಿಸಿಕೊಳ್ಳಬೇಕು. ಪ್ಲಾಸ್ಟಿಕ್ ಎತ್ತಿ, ದಮ್ಮಯ್ಯ, ಬಿದ್ದ ಮರವನ್ನು ಬಿಡಿ.

ಇಷ್ಟು ಹೊತ್ತಿಗೆ ಮುದುಕ ನನಗೆ ಧರ್ಮಾತ್ಮನಾಗಿ ಕಾಣತೊಡಗಿದ್ದ. ದೋಣಿಯಲ್ಲಿ ಸೋನಾರ್ ಇತ್ತು. ಪರದೆಯ ಮೇಲೆ ತಳದ ಏರಿಳಿತ ನೋಡಿ ಜಾಗ ಗೊತ್ತುಮಾಡಿದ. ಇಪ್ಪತ್ತಡಿ ಆಳ. ಏಳೂ ಮರಗಳನ್ನು ಒಂದೊಂದಾಗಿ ಇಳಿಬಿಟ್ಟೆವು. ಪ್ರತಿಯೊಂದೂ ಬುಳುಬುಳು ಎಂದು ಗುಳ್ಳೆ ಬಿಡುತ್ತಾ ಹೋಯಿತು. ಆಮೇಲೆ ಅವನು ಸುತ್ತ ಕಣ್ಣಾಡಿಸಿ, ಯಾವ ದೋಣಿಯೂ ಹತ್ತಿರವಿಲ್ಲ ಎಂದು ಖಾತ್ರಿ ಮಾಡಿಕೊಂಡು, ಜಿಪಿಎಸ್‌ನಲ್ಲಿ ಆ ಜಾಗದ ಗುರುತು ಹಾಕಿಕೊಂಡ. ನನ್ನ ಭಕ್ತಿ ಅರ್ಧ ಇಳಿದದ್ದು ಆಗ. ಮೊದಲ ಮಳೆಗೆ ಹೆಗ್ಗಾಲಣಬೆ ಏಳುವ ಹುತ್ತವನ್ನು ಒಡಹುಟ್ಟಿದವರಿಗೂ ಹೇಳದ ಜನ ನಮ್ಮ ಕಡೆಯೂ ಇದ್ದಾರೆ. ಅದೇ ಮುಖ ಇದು. ಮನೆ ಕಟ್ಟಿಕೊಟ್ಟವನೇ ಮಾರ್ಚಿನಲ್ಲಿ ಕ್ರಾಪಿ ಮೀನಿಗೆ ಗಾಳ ಹಿಡಿದು ಬಾಗಿಲಿಗೆ ಬರುವವನು.

ಇದರ ಬಗ್ಗೆ ಬಲ್ಲವರಲ್ಲೂ ಹಳೆಯ ತಕರಾರಿದೆ. ಜಿಗ್ಗು ಹಾಕಿದರೆ ಮೀನು ಹೆಚ್ಚುತ್ತದೆಯೋ, ಅಥವಾ ಚೆದುರಿದ್ದ ಮೀನು ಒಂದು ಕಡೆ ಸೇರುತ್ತದೆಯೋ? ಬರೀ ಸೇರುವುದಾದರೆ ಅದು ಮನೆಯಲ್ಲ, ಬೋನು. ಕೇರಳದ ಹಿನ್ನೀರಿನಲ್ಲಿ ‘ಪಡಲ್’ ಎಂದು ಕೊಂಬೆ ಮುಳುಗಿಸಿ, ಮೀನು ಕೂಡಿದ ಮೇಲೆ ಸುತ್ತ ಬಲೆ ಕಟ್ಟಿ ಹಿಡಿಯುತ್ತಾರೆ. ಶ್ರೀಲಂಕಾದ ನೆಗೊಂಬೊದಲ್ಲಿ, ಆಫ್ರಿಕಾದ ಬೆನಿನ್ ದೇಶದಲ್ಲಿ ಇದೇ ಉಪಾಯಕ್ಕೆ ಬೇರೆ ಬೇರೆ ಹೆಸರು.

ದೂರ ಯಾಕೆ, ನಮ್ಮ ಕರಾವಳಿಯಲ್ಲೇ ನಡೆದದ್ದಿದೆ. ಕಾಯಿ ಕಿತ್ತ ತೆಂಗಿನ ಗೊನೆಯ ಕಡ್ಡಿಗಳನ್ನು ಕಟ್ಟಿ, ಮರಳಿನ ಚೀಲದ ಭಾರ ಕೊಟ್ಟು ಸಮುದ್ರಕ್ಕೆ ಇಳಿಬಿಡುವುದು. ಕಪ್ಪೆಬೊಂಡಾಸ, ಅಂದರೆ ಇಂಗ್ಲಿಷಿನ ಕಟಲ್‌ಫಿಶ್, ಆ ಕಡ್ಡಿಗೆ ಮೊಟ್ಟೆ ಅಂಟಿಸಲು ಬರುತ್ತದೆ. ಬಂದದ್ದನ್ನು ಗಾಳದಲ್ಲಿ ಎತ್ತುವುದು. ಹೊರಗಿನಿಂದ ಬಂದ ದೋಣಿಗಳು ಹೀಗೆ ಹಿಡಿಯತೊಡಗಿದಾಗ ಇಲ್ಲಿಯ ಮೀನುಗಾರರು ಸಿಟ್ಟಿಗೆದ್ದರು. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಇದರ ಅಧ್ಯಯನ ಮಾಡಿದ್ದಾರೆ. ಅವರ ಚಿಂತೆ ಸರಳವಾದದ್ದು: ಮೊಟ್ಟೆಯಿಡಲು ಬಂದದ್ದನ್ನೇ ಹಿಡಿದರೆ ಮುಂದಿನ ವರ್ಷಕ್ಕೆ ಏನು ಉಳಿದೀತು? ಬಾಣಂತನಕ್ಕೆ ತವರಿಗೆ ಕರೆದು ಬಾಗಿಲು ಹಾಕಿಕೊಂಡ ಹಾಗೆ.

ತೆಂಗಿನ ಗೊನೆಗೂ ಮುದುಕನ ಕ್ರಿಸ್ಮಸ್ ಮರಕ್ಕೂ ಜಾತಿಯಲ್ಲಿ ವ್ಯತ್ಯಾಸವಿಲ್ಲ ಎಂದೇ ನನ್ನ ಲೆಕ್ಕ. ವ್ಯತ್ಯಾಸ ಇರುವುದು, ಹಾಕಿದವನು ಎಷ್ಟು ದಿನ ಸುಮ್ಮನಿರುತ್ತಾನೆ, ಬಂದಾಗ ಎಷ್ಟು ಎತ್ತಿಕೊಳ್ಳುತ್ತಾನೆ ಎಂಬುದರಲ್ಲಿ. ಇದನ್ನು ವಾಪಸು ಬರುವಾಗ ದೋಣಿಯಲ್ಲೇ ಹೇಳಿದೆ. ಮುದುಕ ಬೇಜಾರು ಮಾಡಿಕೊಳ್ಳಲಿಲ್ಲ. ಮೊಟ್ಟೆಯಿಡುವ ಕಾಲಕ್ಕೆ ಈ ಏಳು ಮರಗಳ ಹತ್ತಿರ ಸುಳಿಯುವುದಿಲ್ಲ ಎಂದ. ನಂಬಿದೆನೋ ಇಲ್ಲವೋ ಹೇಳಲಾರೆ. ಗಾಳ ಹಾಕುವವರ ಮಾತನ್ನು ಎಷ್ಟು ನಂಬಬೇಕೆಂದು ನಿಮಗೂ ಗೊತ್ತು.

ಮಗಳು ಜೂನಿನಲ್ಲಿ ಫೋನು ಮಾಡಿದಾಗ ವಿಚಾರಿಸಿದೆ. ‘ಏಪ್ರಿಲ್ ಪೂರ್ತಿ ಅಜ್ಜ ಮನೆಯಲ್ಲೇ ಇದ್ದರು ಅಪ್ಪಯ್ಯ, ಸೊಂಟನೋವಂತೆ’ ಎಂದಳು. ವ್ರತವೋ ವಾಯುವೋ, ಮೀನಿಗೆ ಎರಡೂ ಒಂದೇ.

ಲೇನಿಯರಿನಲ್ಲಿ ಆ ಮರಗಳು ಎಲ್ಲಿವೆ ಎಂದು ಮಾತ್ರ ಯಾರೂ ಕೇಳಬೇಡಿ. ಮುದುಕನಿಗೆ ಮಾತು ಕೊಟ್ಟು ಬಂದಿದ್ದೇನೆ.